ಮೂರು ವರ್ಷದ ಮಗ ಬಿಳಿ ಬಣ್ಣದ್ದು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಯಾವ ಪೌಡರ್ ಕೊಡಲಿ?

ನಿದ್ದೆಗೆಟ್ಟಮ್ಮ
ಮಗನಿಗೆ ಮೂರು ತುಂಬಿದೆ. ತಿನ್ನುವುದು ಅನ್ನ, ಮೊಸರು, ಬ್ರೆಡ್, ಬಾಳೆಹಣ್ಣು. ಕುಡಿಯುವುದು ಹಾಲು. ಅಷ್ಟೇ. ಒಂದು ಹಸಿರು ಚೂರು ಕಂಡರೂ ಸಾಕು, ತಟ್ಟೆಯನ್ನೇ ಆಚೆ ತಳ್ಳುತ್ತಾನೆ. ಒಂದು ವರ್ಷದವನಿದ್ದಾಗ ಕುಂಬಳಕಾಯಿ, ಕ್ಯಾರೆಟ್, ಕಾಳು ಎಲ್ಲವನ್ನೂ ಬಾಯಿ ಚಪ್ಪರಿಸಿ ತಿನ್ನುತ್ತಿದ್ದ. ಆಮೇಲೆ ಒಂದೊಂದನ್ನೇ ಬಿಟ್ಟ. ಈಗ ಒಂದು ಊಟಕ್ಕೆ ಒಂದು ಗಂಟೆ ಬೇಕು, ಮೊಬೈಲ್ ತೋರಿಸದೆ ಬಾಯಿ ತೆರೆಯುವುದಿಲ್ಲ. ಆಟ, ಮಾತು ಎಲ್ಲ ಸರಿಯಾಗಿದೆ. ಆದರೆ ಸ್ವಲ್ಪ ಬಿಳಿಚಿಕೊಂಡಿದ್ದಾನೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಪ್ರೋಟೀನ್ ಪೌಡರ್ ಹಾಲಿಗೆ ಬೆರೆಸಿದರೆ ಕುಡಿಯುತ್ತಾನೆ ಅನಿಸುತ್ತದೆ. ಯಾವುದು ಒಳ್ಳೆಯದು, ಗೊತ್ತಿದ್ದವರು ಹೇಳಿ.

ಎರಡನೇ ತುತ್ತು
ಪೌಡರ್ ಆಮೇಲೆ ನೋಡೋಣ. ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆ? ಮೋಷನ್ ದಿನಾ ಆಗುತ್ತದೆಯಾ? ತೂಕದ ಕಾರ್ಡ್ ಇದೆಯಾ?

ನಿದ್ದೆಗೆಟ್ಟಮ್ಮ
ಬೆಳಿಗ್ಗೆ ಒಂದು ಬಾಟಲಿ, ಊಟ ಬಿಟ್ಟ ಮೇಲೆ ಒಂದು, ಸಂಜೆ, ಮಲಗುವಾಗ, ಕೆಲವೊಮ್ಮೆ ನಡುರಾತ್ರಿ. ಎಲ್ಲ ಸೇರಿ ಒಂದು ಲೀಟರ್ ಹತ್ತಿರ ಬರಬಹುದು. ಊಟವಂತೂ ಮಾಡಲಿಲ್ಲ, ಹಾಲಾದರೂ ಹೊಟ್ಟೆಗೆ ಹೋಗಲಿ ಅಂತ ಕೊಡುತ್ತೇನೆ. ಮೋಷನ್ ಮೂರು ದಿನಕ್ಕೊಮ್ಮೆ, ಗಟ್ಟಿ, ಅಳುತ್ತಾನೆ. ತೂಕ ಮೊದಲಿನಿಂದಲೂ ಅದೇ ಗೆರೆಯ ಮೇಲೇ ಹೋಗುತ್ತಿದೆ ಅಂತ ಡಾಕ್ಟರ್ ಹೇಳಿದ್ದರು.

ಪಥ್ಯದಕ್ಕ
ನಾನು ಮಕ್ಕಳ ಆಹಾರ ಸಲಹೆಯ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಒಂದು ಲೀಟರ್‌ನಲ್ಲೇ ಇದೆ.

ಲೆಕ್ಕ ನೋಡಿ. ಒಂದು ಲೀಟರ್ ಕೆನೆಹಾಲಿನಲ್ಲಿ 600 ಕ್ಯಾಲೊರಿಗೂ ಜಾಸ್ತಿ ಇರುತ್ತದೆ. ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 1000ದಿಂದ 1400. ಅಂದರೆ ಅವನ ಹೊಟ್ಟೆ ಹಾಲಿನಲ್ಲೇ ಅರ್ಧ ತುಂಬಿರುತ್ತದೆ. ಊಟದ ಹೊತ್ತಿಗೆ ಹಸಿವು ಎಲ್ಲಿಂದ ಬರಬೇಕು? ಅದಕ್ಕಿಂತ ದೊಡ್ಡ ತೊಂದರೆ ಕಬ್ಬಿಣದಂಶದ್ದು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 7 ಮಿಲಿಗ್ರಾಂ, ನಾಲ್ಕರ ನಂತರ 10 ಮಿಲಿಗ್ರಾಂ ಬೇಕು ಅಂತ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಒಂದು ಲೀಟರ್ ಹಾಲಿನಲ್ಲಿ ಅರ್ಧ ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಅದರ ಮೇಲೆ ಹಾಲಿನ ಕ್ಯಾಲ್ಸಿಯಂ ಬೇರೆ ಆಹಾರದಲ್ಲಿರುವ ಕಬ್ಬಿಣವನ್ನೂ ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ.

ಇನ್ನು ಪ್ರೋಟೀನ್. ಈ ವಯಸ್ಸಿಗೆ ದಿನಕ್ಕೆ ಬೇಕಾಗುವುದು ಸುಮಾರು 13 ಗ್ರಾಂ. ಬರೀ ಅರ್ಧ ಲೀಟರ್ ಹಾಲಿನಲ್ಲೇ 16 ಗ್ರಾಂ ಹತ್ತಿರ ಸಿಗುತ್ತದೆ. ನಿಮ್ಮ ಮಗನಿಗೆ ಬೇಕಾದ್ದಕ್ಕಿಂತ ಜಾಸ್ತಿ ಪ್ರೋಟೀನ್ ಈಗಲೇ ಹೋಗುತ್ತಿದೆ. ಕೊರತೆ ಬಿದ್ದಿರಬಹುದಾದದ್ದು ಕಬ್ಬಿಣ, ನಾರಿನಂಶ, ಬಹುಶಃ ಸತು ಮತ್ತು ವಿಟಮಿನ್ ಡಿ. ಪೌಡರ್ ಹಾಕಿ ಹಾಲನ್ನು ಇನ್ನೂ ರುಚಿ ಮಾಡಿಕೊಟ್ಟರೆ ಊಟ ಇನ್ನಷ್ಟು ದೂರ ಹೋಗುತ್ತದೆ. ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿ ಓದಿ. ಜಾಸ್ತಿ ಇರುವುದನ್ನು ಮೊದಲು ಬರೆದಿರುತ್ತಾರೆ. ಮೊದಲ ಎರಡು ಮೂರು ಹೆಸರಲ್ಲಿ ಸಕ್ಕರೆ ಇದ್ದರೆ ಅದು ಸಿಹಿತಿಂಡಿ ಅಂದುಕೊಳ್ಳಿ.

ಬಿಳಿಚಿಕೊಂಡಿದ್ದಾನೆ ಅಂದಿರಿ. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ದಾಸ್ತಾನಿರುವ ಕಬ್ಬಿಣದ ಅಳತೆ) ನೋಡಲು ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಕಬ್ಬಿಣ ಕಡಿಮೆಯಾದರೆ ಹಸಿವೂ ಕುಗ್ಗುತ್ತದೆ, ಹಸಿವು ಕುಗ್ಗಿದರೆ ಕಬ್ಬಿಣ ಇನ್ನೂ ಕಡಿಮೆಯಾಗುತ್ತದೆ. ಮಣ್ಣು, ಸುಣ್ಣ, ಐಸ್ ತಿನ್ನುವ ಚಟ ಇದ್ದರೆ ಅದನ್ನೂ ಹೇಳಿ. ದಯವಿಟ್ಟು ಅಂಗಡಿಯಿಂದ ನೀವೇ ಟಾನಿಕ್ ತಂದು ಹಾಕಬೇಡಿ. ಚಿಕ್ಕ ಮಕ್ಕಳಿಗೆ ಕಬ್ಬಿಣ ಮಿತಿಮೀರಿದರೆ ಪ್ರಾಣಕ್ಕೇ ಅಪಾಯ.

ನಿದ್ದೆಗೆಟ್ಟಮ್ಮ
ಹಾಲು ಒಳ್ಳೆಯದು ಅಂತಲೇ ಕೇಳಿಕೊಂಡು ಬಂದಿದ್ದೆವು. ಪೂರ್ತಿ ನಿಲ್ಲಿಸಬೇಕಾ?

ಪಥ್ಯದಕ್ಕ
ಬೇಡ ಬೇಡ. ಮೊಸರೂ ಸೇರಿ ಅರ್ಧ ಲೀಟರ್ ಒಳಗೆ ಇರಲಿ, ಲೋಟದಲ್ಲಿ, ಊಟ ಮುಗಿದ ಮೇಲೆ. ಅಷ್ಟರಲ್ಲಿ 600 ಮಿಲಿಗ್ರಾಂ ಕ್ಯಾಲ್ಸಿಯಂ ಬರುತ್ತದೆ. ಈ ವಯಸ್ಸಿಗೆ ಬೇಕಾಗುವುದು 700. ಮೊದಲು ನಿಲ್ಲಬೇಕಾದದ್ದು ರಾತ್ರಿಯ ಬಾಟಲಿ. ಅದು ಹಲ್ಲನ್ನೂ ಹಾಳು ಮಾಡುತ್ತದೆ. ಜೊತೆಗೆ ಮಲಬದ್ಧತೆಗೆ ಔಷಧಿ ಬೇಕಾ ಅಂತ ಕೇಳಿ. ಹೊಟ್ಟೆ ಕಟ್ಟಿದ ಮಗು ಊಟ ಮಾಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದೊಂದು ಸರಿಹೋದರೆ ಅರ್ಧ ಜಗಳ ನಿಲ್ಲುತ್ತದೆ.

ಅವಳಿಗಳಪ್ಪ
ಇಲ್ಲಿ ಇನ್ನೊಂದು ವಿಷಯ ಸೇರಿಸುತ್ತೇನೆ. ಒಂದು ವರ್ಷದವರೆಗೆ ತಿನ್ನುತ್ತಿದ್ದವನು ಈಗ ಬಿಟ್ಟ ಅಂತ ಎಲ್ಲ ಅಪ್ಪ ಅಮ್ಮಂದಿರೂ ಹೇಳುತ್ತಾರೆ. ಅದಕ್ಕೆ ಕಾರಣ ಇದೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರರಷ್ಟಾಗುತ್ತದೆ. ಎರಡನೇ ವರ್ಷ ಸೇರುವುದು ಬರೀ ಎರಡು, ಎರಡೂವರೆ ಕಿಲೋ. ಆಮೇಲೆ ವರ್ಷಕ್ಕೆ ಸುಮಾರು ಎರಡು ಕಿಲೋ. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯುವುದು ಸಹಜ. ನಾವು ಮಾತ್ರ ತಟ್ಟೆಗೆ ಹಾಕುವುದನ್ನು ಹೆಚ್ಚಿಸುತ್ತಲೇ ಹೋಗುತ್ತೇವೆ.

ಹೊಸ ಆಹಾರ ಕಂಡರೆ ಹೆದರುವುದು ಸುಮಾರು ಎರಡರಿಂದ ಆರು ವರ್ಷದ ನಡುವೆ ಜಾಸ್ತಿ. ನಡೆಯಲು ಕಲಿತ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ವಿಷ ತಿನ್ನದಿರಲಿ ಅಂತ ಬಂದ ಗುಣ ಇದು ಅಂತ ವಿಜ್ಞಾನಿಗಳು ಊಹಿಸುತ್ತಾರೆ. ಕಹಿಯ ವಿಷಯವೂ ಇದೆ. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನುವ ರಸಾಯನ ವಿಜ್ಞಾನಿ ಒಂದು ಪುಡಿಯನ್ನು ಸುರಿಯುತ್ತಿದ್ದಾಗ ಅದು ಗಾಳಿಗೆ ಹಾರಿತು. ಪಕ್ಕದವರಿಗೆ ಬಾಯೆಲ್ಲ ಕಹಿ, ಅವನಿಗೆ ಏನೂ ಇಲ್ಲ. ಆ ವ್ಯತ್ಯಾಸ ಜೀನ್‌ನಿಂದ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಎಲೆಕೋಸಿನ ಜಾತಿಯ ತರಕಾರಿ ನಮಗಿಂತ ಮಗುವಿಗೆ ನಿಜವಾಗಿಯೂ ಕಹಿ ಇರಬಹುದು. ನನ್ನ ಅವಳಿ ಮಕ್ಕಳಲ್ಲೇ ಒಬ್ಬಳು ತಿನ್ನುತ್ತಾಳೆ, ಇನ್ನೊಬ್ಬಳು ಉಗುಳುತ್ತಾಳೆ. ಒಂದೇ ಅಡುಗೆ, ಒಂದೇ ಮನೆ. ಹಾಗಾಗಿ ಅದು ತಾಯಿಯ ತಪ್ಪು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಳೇ ಕಾಲದಜ್ಜಿ
ನಾನು ಬೆಳೆಸಿದ ಮಕ್ಕಳೆಲ್ಲ ಇಟ್ಟದ್ದನ್ನು ತಿಂದರು. ತಿನ್ನದಿದ್ದರೆ ಬಿಡು ಅನ್ನುತ್ತಿದ್ದೆ, ಮಧ್ಯೆ ಏನೂ ಕೊಡುತ್ತಿರಲಿಲ್ಲ. ಒಂದು ದಿನ ಹಸಿದರೆ ಮಾರನೇ ದಿನ ತಾನಾಗಿ ಬರುತ್ತದೆ ಮಗು. ಈಗಿನವರು ಹಿಂದೆ ಹಿಂದೆ ಓಡಿ ತಿನ್ನಿಸಿ ಕೆಡಿಸಿದ್ದೀರಿ.

ಪಥ್ಯದಕ್ಕ
ಅಜ್ಜಿ, ನೀವು ಹೇಳಿದ್ದರಲ್ಲಿ ಅರ್ಧಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮಧ್ಯೆ ಏನೂ ಕೊಡುತ್ತಿರಲಿಲ್ಲ ಅಂದಿರಲ್ಲ, ಅದೇ ಮುಖ್ಯ. ಎರಡೂವರೆ ಮೂರು ಗಂಟೆಗೊಮ್ಮೆ ಊಟ ಅಥವಾ ತಿಂಡಿ, ನಡುವೆ ನೀರು ಮಾತ್ರ. ಬಿಸ್ಕತ್ತು, ಜ್ಯೂಸ್, ಹಾಲು ಆಗಾಗ ಹೋಗುತ್ತಿದ್ದರೆ ಹಸಿವು ಅನ್ನುವುದೇ ಗೊತ್ತಾಗುವುದಿಲ್ಲ. ಆದರೆ ಶಿಕ್ಷೆಯ ಹಾಗೆ ಉಪವಾಸ ಕೆಡವುವುದು ಬೇಡ.

ಎಲಿನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆ 1980ರ ದಶಕದಿಂದ ಹೇಳುತ್ತಾ ಬಂದ ಒಂದು ಪಾಲು ಹಂಚಿಕೆ ಇದೆ. ಏನು ಕೊಡಬೇಕು, ಯಾವಾಗ, ಎಲ್ಲಿ ಕೂತು ಅನ್ನುವುದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು, ತಿನ್ನಬೇಕಾ ಬೇಡವಾ ಅನ್ನುವುದು ಮಗುವಿನದು. ನಮ್ಮ ಮನೆಗಳಲ್ಲಿ ಇದು ತಿರುಗಾಮುರುಗಾ ಆಗಿರುತ್ತದೆ. ಏನು ಬೇಕು ಅಂತ ಮಗು ಹೇಳುತ್ತದೆ, ಎಷ್ಟು ತಿನ್ನಬೇಕು ಅಂತ ನಾವು ಹೇಳುತ್ತೇವೆ.

ಸುಮ್ನೆ ಓದುವವನು
ಮಗುವಿಗೇ ಬಿಟ್ಟರೆ ಬ್ರೆಡ್ ಮಾತ್ರ ತಿಂದು ಎದ್ದು ಹೋಗುತ್ತದೆ. ಓದಲು ಚೆನ್ನಾಗಿದೆ, ಮಾಡಲು ಆಗುವುದಿಲ್ಲ.

ಅವಳಿಗಳಪ್ಪ
ಇದೇ ಅನುಮಾನ ನೂರು ವರ್ಷದ ಹಿಂದೆಯೂ ಇತ್ತು ಸರ್. ಕ್ಲಾರಾ ಡೇವಿಸ್ ಅನ್ನುವ ಅಮೆರಿಕದ ಮಕ್ಕಳ ವೈದ್ಯೆ 1920ರ ದಶಕದಲ್ಲಿ ಆಗತಾನೇ ಎದೆಹಾಲು ಬಿಟ್ಟ ಮಕ್ಕಳ ಮುಂದೆ ಬೇರೆ ಬೇರೆ ಬಟ್ಟಲು ಇಟ್ಟು ಬೇಕಾದ್ದನ್ನು ತಿನ್ನಲು ಬಿಟ್ಟರು. ಒಟ್ಟು 15 ಮಕ್ಕಳು, ಪಟ್ಟಿಯಲ್ಲಿ 34 ಆಹಾರ. ದಾದಿಯರು ತಾವಾಗಿ ಕೊಡುವ ಹಾಗಿಲ್ಲ, ಮಗು ಕೈ ತೋರಿಸಿದರೆ ಮಾತ್ರ. ಒಬ್ಬೊಬ್ಬ ಮಗುವಿನ ಊಟವೂ ವಿಚಿತ್ರ, ಒಂದು ದಿನ ಬರೀ ಇದು, ಇನ್ನೊಂದು ದಿನ ಬರೀ ಅದು. ಆದರೂ ಎಲ್ಲರೂ ಚೆನ್ನಾಗಿ ಬೆಳೆದರು.

ಇದನ್ನು ಹೇಳಿ ಮಕ್ಕಳಿಗೆ ಎಲ್ಲ ಗೊತ್ತು ಅನ್ನುವವರಿದ್ದಾರೆ. ಆದರೆ ಗುಟ್ಟು ಇರುವುದು ಪಟ್ಟಿಯಲ್ಲಿ ಅಂತ ಡೇವಿಸ್ ಅವರೇ 1939ರಲ್ಲಿ ಬರೆದರು. ಆ 34ರಲ್ಲಿ ಸಕ್ಕರೆ ಹಾಕಿದ್ದು, ಡಬ್ಬಿಯದ್ದು ಯಾವುದೂ ಇರಲಿಲ್ಲ. ಹಣ್ಣು, ತರಕಾರಿ, ಧಾನ್ಯ, ಮಾಂಸ, ಮೊಟ್ಟೆ, ಹಾಲು ಇಷ್ಟೇ. ಮಗು ಯಾವುದನ್ನು ಆರಿಸಿದರೂ ನಷ್ಟವಿಲ್ಲ. ಹಾಗಾಗಿ ಬ್ರೆಡ್ ಮಾತ್ರ ತಿಂದರೆ ಅನ್ನುವ ಪ್ರಶ್ನೆಗೆ ಉತ್ತರ, ಬ್ರೆಡ್ ತಟ್ಟೆಯಲ್ಲಿ ಎಷ್ಟಿದೆ ಅನ್ನುವುದು ನಿಮ್ಮ ಕೈಯಲ್ಲಿದೆ. ಇನ್ನೊಂದು, ಒಂದು ಊಟ ನೋಡಿ ಅಳೆಯಬೇಡಿ. ಒಂದು ವಾರ ಏನು ಹೋಯಿತು ಅಂತ ಬರೆದು ನೋಡಿ, ಬೇರೆಯೇ ಚಿತ್ರ ಕಾಣುತ್ತದೆ.

ಹಸಿಮೆಣಸು
ನಾನು ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲ ತರಕಾರಿ ಬೇಯಿಸಿ, ರುಬ್ಬಿ, ಹಿಟ್ಟಿಗೆ ಕಲಸಿಬಿಡುತ್ತೇನೆ. ಮಗಳಿಗೆ ಗೊತ್ತೇ ಆಗುವುದಿಲ್ಲ. ಹೊಟ್ಟೆಗೆ ಹೋದರೆ ಸಾಕಲ್ವಾ?

ಎರಡನೇ ತುತ್ತು
ಎಷ್ಟು ದಿನ ಗೊತ್ತಾಗುವುದಿಲ್ಲ ಅಂತ? ನನ್ನ ಅಕ್ಕನ ಮಗ ಹೀಗೆ ಒಂದು ಸಲ ಪತ್ತೆ ಮಾಡಿ, ತಿನ್ನುತ್ತಿದ್ದ ಅದೊಂದನ್ನೂ ಬಿಟ್ಟ. ಅದಲ್ಲದೆ ಕ್ಯಾರೆಟ್‌ನ ರೂಪ, ವಾಸನೆ ಗೊತ್ತಾಗದೆ ಕ್ಯಾರೆಟ್ ತಿನ್ನಲು ಕಲಿಯುವುದು ಹೇಗೆ?

ಹಸಿಮೆಣಸು
ಕಲಿಯುವವರೆಗೆ ನಾರು, ವಿಟಮಿನ್ ಎಲ್ಲಿಂದ ಬರಬೇಕು ಅದನ್ನೂ ಹೇಳಿಬಿಡಿ.

ಪಥ್ಯದಕ್ಕ
ಎರಡೂ ಮಾಡಿ, ಜಗಳ ಬೇಡ. ರುಬ್ಬಿ ಹಾಕಿದ್ದು ಇವತ್ತಿನ ಹೊಟ್ಟೆಗೆ. ತಟ್ಟೆಯ ಮೂಲೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ಇಟ್ಟದ್ದು ಮುಂದಿನ ವರ್ಷಕ್ಕೆ. ಮಗು ಇದರಲ್ಲಿ ಏನಿದೆ ಅಂತ ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ.

ಆ ಮೂಲೆಯ ತರಕಾರಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಹೆಚ್ಚಿನವರು ಕೈಬಿಡುವುದು ಅಲ್ಲೇ. ಮಗು ಒಂದು ಹೊಸ ರುಚಿಯನ್ನು ಒಪ್ಪಿಕೊಳ್ಳಲು ಎಂಟರಿಂದ ಹದಿನೈದು ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ ಸಲ ಅದನ್ನು ರುಚಿ ನೋಡಬೇಕಾಗುತ್ತದೆ. ಲಿಯಾನ್ ಬರ್ಚ್ ಅನ್ನುವ ಸಂಶೋಧಕಿ 1980ರ ದಶಕದಿಂದ ಇದನ್ನು ಮತ್ತೆ ಮತ್ತೆ ತೋರಿಸಿದರು. ಹೆಚ್ಚಿನ ಮನೆಗಳಲ್ಲಿ ಮೂರು ನಾಲ್ಕು ಸಲ ಕೊಟ್ಟು, ಇವನಿಗೆ ಇಷ್ಟವಿಲ್ಲ ಅಂತ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ದೊಡ್ಡ ಚಮಚ ತುಂಬ ಕೊಡುತ್ತಾರೆ. ಬಟಾಣಿ ಕಾಳಿನಷ್ಟು ಸಾಕು. ಮುಟ್ಟಿದರೂ ಸರಿ, ಮೂಸಿದರೂ ಸರಿ, ನೆಕ್ಕಿ ಉಗುಳಿದರೂ ಸರಿ, ಅದು ಒಂದು ಹೆಜ್ಜೆ ಮುಂದೆಯೇ. ಉಗುಳಲು ಒಂದು ಕಾಗದ ಪಕ್ಕದಲ್ಲಿಡಿ. ಉಗುಳಬಹುದು ಅಂತ ಗೊತ್ತಿದ್ದರೆ ಬಾಯಿಗೆ ಹಾಕಲು ಧೈರ್ಯ ಬರುತ್ತದೆ. ಹೊಸದರ ಜೊತೆ ಮಗು ಖಂಡಿತ ತಿನ್ನುವ ಒಂದು ಪದಾರ್ಥ ಯಾವಾಗಲೂ ಇರಲಿ. ಅಡುಗೆಯಲ್ಲೂ ಉಪಾಯ ಇದೆ. ತರಕಾರಿಯನ್ನು ನೀರಿನಲ್ಲಿ ಬೇಯಿಸುವ ಬದಲು ಎಣ್ಣೆ ಸವರಿ ಹುರಿದರೆ ಸಿಹಿಯಾಗುತ್ತದೆ. ಸ್ವಲ್ಪ ಬೆಣ್ಣೆಯೋ ಎಣ್ಣೆಯೋ ಕಹಿಯನ್ನು ತಗ್ಗಿಸುತ್ತದೆ, ಕ್ಯಾರೆಟ್ ಮತ್ತು ಕುಂಬಳಕಾಯಿಯಲ್ಲಿರುವ ವಿಟಮಿನ್ ಎ ಮೈಗೆ ಹತ್ತಲೂ ಅದು ಬೇಕು.

ತರಕಾರಿ ತಿಂದರೆ ಚಾಕಲೇಟ್ ಅನ್ನುವ ಒಪ್ಪಂದ ಮಾತ್ರ ಬೇಡ. ಬರ್ಚ್ ಅವರ ಪ್ರಯೋಗದಲ್ಲೇ, ಬಹುಮಾನಕ್ಕಾಗಿ ಕುಡಿದ ಪಾನೀಯವನ್ನು ಮಕ್ಕಳು ಆಮೇಲೆ ಮೊದಲಿಗಿಂತ ಕಡಿಮೆ ಇಷ್ಟಪಟ್ಟರು. ಲಂಚ ಕೊಟ್ಟು ತಿನ್ನಿಸುತ್ತಿದ್ದಾರೆ ಅಂದರೆ ಇದು ಕೆಟ್ಟದ್ದೇ ಇರಬೇಕು ಅಂತ ಮಗುವಿಗೆ ಅರ್ಥವಾಗುತ್ತದೆ. ರುಚಿ ನೋಡಿದ್ದಕ್ಕೆ ಒಂದು ಸ್ಟಿಕ್ಕರ್ ಕೊಡುವುದು ಪರವಾಗಿಲ್ಲ, ಅದು ಕೆಲಸ ಮಾಡುತ್ತದೆ ಅಂತ ಈಚಿನ ಅಧ್ಯಯನಗಳಲ್ಲಿ ಕಂಡಿದೆ.

ಸುಮ್ನೆ ಓದುವವನು
ಮೊಬೈಲ್ ಬಗ್ಗೆ ಯಾರೂ ಮಾತಾಡಲಿಲ್ಲ.

ಅವಳಿಗಳಪ್ಪ
ಮೊಬೈಲ್ ನೋಡುತ್ತಾ ತಿಂದ ಮಗುವಿಗೆ ತಾನು ಏನು ತಿಂದೆ ಅನ್ನುವುದೇ ಗೊತ್ತಿರುವುದಿಲ್ಲ. ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ನಿಲ್ಲಿಸಿದ ಮೊದಲ ವಾರ ಊಟ ಕಡಿಮೆಯಾಗುತ್ತದೆ, ಹೆದರಬೇಡಿ. ಮನೆಯಲ್ಲಿ ಯಾರಾದರೂ ಒಬ್ಬರು ಜೊತೆಗೆ ಕೂತು ಅದನ್ನೇ ತಿನ್ನಬೇಕು, ಅಷ್ಟೇ. ಇಪ್ಪತ್ತು ಮೂವತ್ತು ನಿಮಿಷ ಆದ ಮೇಲೆ ತಟ್ಟೆ ಎತ್ತಿ. ತಿಂದರೂ ಸರಿ, ಬಿಟ್ಟರೂ ಸರಿ, ಮುಖ ಸಿಂಡರಿಸಬೇಡಿ. (ಹೇಳುವುದು ಸುಲಭ, ನನ್ನ ಮುಖ ನನಗೆ ಕಾಣುವುದಿಲ್ಲ.)

ಅಡುಗೆಮನೆ ಕಿಟಕಿ
ನಮ್ಮಲ್ಲಿ ಹಸಿ ಕ್ಯಾರೆಟ್ ತುಂಡು, ದ್ರಾಕ್ಷಿ, ಬಾದಾಮಿ ಬಟ್ಟಲಲ್ಲಿ ಹಾಕಿ ಆಟದ ಜಾಗದಲ್ಲೇ ಇಟ್ಟುಬಿಡುತ್ತೇವೆ. ಓಡಾಡುತ್ತಾ ತಾನೇ ತಿನ್ನುತ್ತಾಳೆ. ಎರಡೂವರೆ ವರ್ಷ.

ಪಥ್ಯದಕ್ಕ
ಇದನ್ನು ಇವತ್ತೇ ನಿಲ್ಲಿಸಿ, ದಯವಿಟ್ಟು. ಗಂಟಲಿಗೆ ಸಿಕ್ಕಿಕೊಳ್ಳುವ ಪದಾರ್ಥಗಳಲ್ಲಿ ಈ ಮೂರೂ ಮುಂಚೂಣಿಯಲ್ಲಿವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿ ಕತ್ತರಿಸಿ. ಕ್ಯಾರೆಟ್ ಬೇಯಿಸಿ ಅಥವಾ ತುರಿಯಿರಿ. ಇಡೀ ಬಾದಾಮಿ, ಕಡಲೆಕಾಯಿ ಬೀಜ ಐದು ವರ್ಷದವರೆಗೆ ಬೇಡ, ಪುಡಿ ಮಾಡಿ ಕೊಡಿ. ಓಡಾಡುತ್ತಾ ತಿನ್ನುವುದಂತೂ ಬೇಡವೇ ಬೇಡ. ಕೂರಿಸಿ, ಎದುರಿಗೆ ನೀವಿರಿ.

ಏಳು ತಿಂಗಳ ಪಾಪು
ನಮ್ಮದು ಈಗಷ್ಟೇ ಶುರುವಾಗಿದೆ. ಇದೆಲ್ಲ ಓದಿ ಹೆದರಿಕೆ ಆಗುತ್ತಿದೆ. ಮೊದಲೇ ಏನಾದರೂ ಮಾಡಬಹುದಾ?

ಪಥ್ಯದಕ್ಕ
ಮಾಡಬಹುದು. ನುಣ್ಣಗೆ ರುಬ್ಬಿದ್ದರಲ್ಲೇ ನಿಲ್ಲಬೇಡಿ. ಒಂಬತ್ತು ತಿಂಗಳೊಳಗೆ ಸ್ವಲ್ಪ ಗಂಟು ಗಂಟಾದ, ಕೈಯಲ್ಲಿ ಕಿವುಚಿದ ಆಹಾರಕ್ಕೆ ಬನ್ನಿ. ಇಂಗ್ಲೆಂಡಿನಲ್ಲಿ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಇಂಥ ಗಂಟು ಗಂಟಾದ ಆಹಾರ ತಡವಾಗಿ ಶುರು ಮಾಡಿದವರಲ್ಲಿ ಏಳನೇ ವಯಸ್ಸಿನಲ್ಲೂ ಊಟದ ತಕರಾರು ಜಾಸ್ತಿ ಕಂಡಿತು. ಮಗು ಓಕರಿಸಿದರೆ ಗಾಬರಿ ಬೇಡ, ಅದು ಕಲಿಕೆ. ಸದ್ದೇ ಬರದೆ ಉಸಿರುಗಟ್ಟಿದರೆ ಅದು ಅಪಾಯ. ಆಗ ಏನು ಮಾಡಬೇಕು ಅಂತ ಈಗಲೇ ಕಲಿತಿಡಿ. ಉಪ್ಪು ಸಕ್ಕರೆ ಬೇಡ, ಒಂದು ವರ್ಷದೊಳಗೆ ಜೇನು ಬೇಡವೇ ಬೇಡ.

ಗುಬ್ಬಿಗೂಡು
ಒಂದು ಮಾತು. ಇಲ್ಲಿ ಹೇಳಿದ್ದೆಲ್ಲ ಸಾಮಾನ್ಯ ರಗಳೆಗೆ ಸರಿ. ನನ್ನ ಮಗ ಐದನೇ ವರ್ಷದಲ್ಲೂ ಗರಿಗರಿ ಇರುವ ಕೆಲವೇ ಪದಾರ್ಥ ಮಾತ್ರ ತಿನ್ನುತ್ತಿದ್ದ. ಬೇರೆ ಕಂಪನಿಯ ಅದೇ ಬಿಸ್ಕತ್ತು ಕೊಟ್ಟರೂ ವಾಂತಿ ಮಾಡುತ್ತಿದ್ದ. ಹಸಿವಾದರೆ ತಿನ್ನುತ್ತಾನೆ ಬಿಡಿ ಅಂತ ಎಲ್ಲರೂ ಹೇಳಿದರು. ತಿನ್ನಲಿಲ್ಲ. ತೂಕ ಇಳಿಯಿತು. ಕೊನೆಗೆ ಗೊತ್ತಾಗಿದ್ದು ಆಟಿಸಂ, ಜೊತೆಗೆ ಎಆರ್‌ಎಫ್‌ಐಡಿ ಅನ್ನುವ ತೊಂದರೆ, ಅಂದರೆ ಮೈಗೆ ಸಾಲದಷ್ಟು ಆಹಾರವನ್ನು ದೂರ ಇಡುವ ಕಾಯಿಲೆ. 2013ರಿಂದ ವೈದ್ಯರ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿದೆ. ಇಂಥ ಮಕ್ಕಳಿಗೆ ಹಸಿವಿನ ಪಾಠ ನಡೆಯುವುದಿಲ್ಲ ಅಜ್ಜಿ. ಅವನಿಗೆ ಪೌಡರೇ ಆಸರೆಯಾಯಿತು, ಡಾಕ್ಟರ್ ಬರೆದುಕೊಟ್ಟದ್ದು. ಹಾಗಾಗಿ ಪೌಡರ್ ಎಲ್ಲರಿಗೂ ಬೇಡ ಅಂತಲೂ ಹೇಳಬೇಡಿ.

ಹಳೇ ಕಾಲದಜ್ಜಿ
ಅಂಥ ಮಕ್ಕಳು ನಮ್ಮ ಕಾಲದಲ್ಲೂ ಇದ್ದರು ಮಗಾ. ಹಟಮಾರಿ ಅಂತ ಹೊಡೆಯುತ್ತಿದ್ದರು. ನೀನು ಹೇಳಿದ್ದು ಸರಿ.

ಪಥ್ಯದಕ್ಕ
ಗುಬ್ಬಿಗೂಡು ಹೇಳಿದ್ದನ್ನು ಎಲ್ಲರೂ ಗಮನಿಸಿ. ತೂಕದ ಗೆರೆ ಕೆಳಗೆ ಇಳಿಯುತ್ತಾ ಹೋದರೆ, ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಚಿಕ್ಕದಾದರೆ, ನುಂಗುವಾಗ ಕೆಮ್ಮು, ನೋವು, ಪದೇ ಪದೇ ವಾಂತಿ ಇದ್ದರೆ, ಒಂದು ಜಾತಿಯ ಆಹಾರವನ್ನೇ ಪೂರ್ತಿ ಬಿಟ್ಟಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಡಾಕ್ಟರ್ ಹತ್ತಿರ ಹೋಗಿ, ದೊಡ್ಡವನಾದರೆ ಸರಿಹೋಗುತ್ತಾನೆ ಅಂದರೆ ಇನ್ನೊಬ್ಬರನ್ನು ಕೇಳಿ.

ನಿದ್ದೆಗೆಟ್ಟಮ್ಮ
ಎಲ್ಲರಿಗೂ ಧನ್ಯವಾದ. ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 9.4, ಫೆರಿಟಿನ್ ತುಂಬಾ ಕಡಿಮೆ. ಕಬ್ಬಿಣದ ಡ್ರಾಪ್ಸ್ ಮತ್ತು ಮಲಬದ್ಧತೆಗೆ ಔಷಧಿ ಕೊಟ್ಟಿದ್ದಾರೆ. ರಾತ್ರಿ ಬಾಟಲಿ ನಿಲ್ಲಿಸಿದೆವು, ಮೊದಲ ಕೆಲವು ರಾತ್ರಿ ಇಡೀ ಮನೆ ಎದ್ದಿತ್ತು. ಈಗ ಹಾಲು ಎರಡು ಲೋಟ. ತರಕಾರಿ ಇನ್ನೂ ತಿನ್ನುವುದಿಲ್ಲ. ಮೊಟ್ಟೆಯ ಹಳದಿ ಮಾತ್ರ ತೆಗೆದುಕೊಳ್ಳುತ್ತಾನೆ, ಬೇಯಿಸಿದ ಕಾಳನ್ನು ಕಾರಿಗೆ ತುಂಬಿ ಸಾಗಿಸುತ್ತಾನೆ, ದಾರಿಯಲ್ಲಿ ಒಂದೆರಡು ಬಾಯಿಗೆ ಹೋಗುತ್ತವೆ. ಒಂದು ಪ್ರಶ್ನೆ, ಡ್ರಾಪ್ಸ್ ಹಾಲಿಗೆ ಬೆರೆಸಬಹುದಾ? ಬೇರೆ ರೀತಿ ಕೊಟ್ಟರೆ ಉಗುಳುತ್ತಾನೆ. ಮೋಷನ್ ಕಪ್ಪಾಗಿದೆ, ಅದು ಸರಿಯಾ?

ಪಥ್ಯದಕ್ಕ
ಹಾಲಿಗೆ ಬೇಡ, ಅರ್ಧ ವ್ಯರ್ಥ. ಎರಡು ಚಮಚ ಕಿತ್ತಳೆ ರಸದಲ್ಲಿ ಬೆರೆಸಿ, ಅದರ ವಿಟಮಿನ್ ಸಿ ಕಬ್ಬಿಣ ಹತ್ತಲು ಸಹಾಯ ಮಾಡುತ್ತದೆ. ಹಾಲಿಗೂ ಇದಕ್ಕೂ ಒಂದೆರಡು ಗಂಟೆ ಅಂತರ ಇರಲಿ. ಕೆನ್ನೆಯ ಒಳಭಾಗಕ್ಕೆ ಹಾಕಿ ಆಮೇಲೆ ನೀರು ಕುಡಿಸಿ, ಇಲ್ಲದಿದ್ದರೆ ಹಲ್ಲಿಗೆ ಕಲೆ ಹಿಡಿಯುತ್ತದೆ. ಡ್ರಾಪ್ಸ್ ಶುರುವಾದ ಮೇಲೆ ಮೋಷನ್ ಕಪ್ಪಗಾಗುವುದು ಸಹಜ. ಡಾಂಬರಿನ ಹಾಗೆ ಅಂಟು ಅಂಟಾಗಿದ್ದರೆ ಮಾತ್ರ ಡಾಕ್ಟರಿಗೆ ಹೇಳಿ. ಹಿಮೋಗ್ಲೋಬಿನ್ ಸರಿಯಾಯಿತು ಅಂತ ನೀವೇ ನಿಲ್ಲಿಸಬೇಡಿ, ಮೈಯಲ್ಲಿ ದಾಸ್ತಾನು ತುಂಬಲು ಆಮೇಲೂ ಎರಡು ಮೂರು ತಿಂಗಳು ಬೇಕು. ಬಾಟಲಿಯನ್ನು ಅವನ ಕೈಗೆ ಸಿಗದ ಕಡೆ, ಬೀಗ ಹಾಕುವ ಕಪಾಟಿನಲ್ಲಿಡಿ. ಕಾಳು ಸಾಗಿಸುವ ಕಾರನ್ನು ಮಾತ್ರ ಯಾರೂ ಕಿತ್ತುಕೊಳ್ಳಬೇಡಿ.

ನಿದ್ದೆಗೆಟ್ಟಮ್ಮ
ಸರಿ ಅಕ್ಕ. ಕಿತ್ತಳೆ ರಸ ಕುಡಿಯುತ್ತಾನಾ ನೋಡಬೇಕು. ಬಣ್ಣ ಬಿಳಿ ಅಲ್ವಲ್ಲ.